‘ಚೆನ್ನಾಗಿದೆ ಕಣಮ್ಮ’ ಅಂದವರು ವಿಆರ್ ಹಾಕಿಕೊಂಡಾಗ ಕೇಳಿದ್ದು

ನಾನು ಆರ್ಕಿಟೆಕ್ಟ್. ಮೈಸೂರಿನ ಹೊರಗಿರುವ ಒಂದು ವೃದ್ಧಾಶ್ರಮಕ್ಕೆ ಹೊಸ ಕಟ್ಟಡದ ನಕ್ಷೆ ಮಾಡುವಾಗ, ಅಲ್ಲಿನ ಹಿರಿಯರಿಗೆ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರಿನಲ್ಲಿ ಮಾಡಿದ ಜಾಗದೊಳಗೇ ಇದ್ದಂತೆ ತೋರಿಸುವ ಸಾಧನ) ಹಾಕಿ, ಇನ್ನೂ ಕಟ್ಟದ ಕೋಣೆಗಳನ್ನು ತೋರಿಸಿದೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನನ್ನ ಅನುಭವ ಉಪಯೋಗವಾಗಬಹುದು.

ಶುರುವಿನಲ್ಲಿ ನಕ್ಷೆಯ ಹಾಳೆ ಹರಡಿ ಕೇಳಿದ್ದೆವು. ಎಲ್ಲರೂ “ಚೆನ್ನಾಗಿದೆ ಕಣಮ್ಮ” ಅಂದರು. ಅದು ಮರ್ಯಾದೆಯ ಮಾತು. ಇರೋಕೆ ಜಾಗ ಕೊಟ್ಟವರ ಮುಂದೆ ಯಾರು ಕೊರತೆ ಹೇಳುತ್ತಾರೆ? ಆ ಗೆರೆಗಳಲ್ಲಿ ತಮ್ಮ ಮಂಚ ಎಲ್ಲಿದೆ ಅಂತ ಗುರುತಿಸುವುದೂ ಕಷ್ಟ ಅಲ್ವಾ?

ಬೇಕಾದ ಸಾಮಾನು ಜಾಸ್ತಿ ಇಲ್ಲ. ಮೆಟಾ ಕ್ವೆಸ್ಟ್ 2 ಅನ್ನುವ ಒಂದು ಹೆಡ್‌ಸೆಟ್, ಒಳ್ಳೆಯ ಲ್ಯಾಪ್‌ಟಾಪ್, ಹಾಲ್‌ನಲ್ಲಿದ್ದ ಟಿವಿ. ಸ್ಕೆಚ್‌ಅಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಕಟ್ಟಡದ 3ಡಿ ಮಾದರಿಯನ್ನು ಎನ್‌ಸ್ಕೇಪ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಮೂಲಕ ವಿಆರ್‌ನಲ್ಲಿ ತೋರಿಸಿದೆವು. ಹೆಡ್‌ಸೆಟ್ ಅರ್ಧ ಕೆಜಿ ತೂಗುತ್ತದೆ, ಬಾಗಿದ ಕುತ್ತಿಗೆಗೆ ಅದು ಭಾರವೇ. ಹಾಗಾಗಿ ಒಬ್ಬರಿಗೆ ಐದು ನಿಮಿಷ, ಆಮೇಲೆ ವಿರಾಮ. ಕೈಯಿರುವ ಗಟ್ಟಿ ಕುರ್ಚಿಯಲ್ಲೇ ಕೂರಿಸಬೇಕು. ತಲೆಸುತ್ತು ಅಥವಾ ಫಿಟ್ಸ್ ಇರುವವರಿಗೆ, ಈಚೆಗೆ ಕಣ್ಣಿನ ಆಪರೇಷನ್ ಆದವರಿಗೆ ಹಾಕಲೇಬಾರದು. ಅವರೆಲ್ಲ ಟಿವಿಯಲ್ಲಿ ನೋಡಿ ಮಾತಾಡಿದರು. ನೆನಪಿನ ತೊಂದರೆ ಇದ್ದವರೂ ಹಾಗೇ. ಅಜ್ಜಿಯರ ತುರುಬಿಗೆ ಹೆಡ್‌ಸೆಟ್‌ನ ಪಟ್ಟಿ ಸಿಕ್ಕಿಕೊಳ್ಳುತ್ತದೆ, ತುರುಬನ್ನು ಮೊದಲೇ ಕೆಳಗಿಳಿಸಿ ಕಟ್ಟಿಕೊಳ್ಳಲು ಹೇಳಿ. ವಿಆರ್‌ನೊಳಗೆ ಜಾಯ್‌ಸ್ಟಿಕ್‌ನಿಂದ (ಕೈಯಲ್ಲಿ ಹಿಡಿಯುವ ಕಡ್ಡಿಯಿಂದ) ನಡೆಸಿದರೆ ಹೊಟ್ಟೆ ತೊಳಸುತ್ತದೆ. ಒಂದು ಜಾಗ ತೋರಿಸಿ, ಕತ್ತಲು ಮಾಡಿ, ಮುಂದಿನ ಜಾಗಕ್ಕೆ ಕರೆದೊಯ್ಯುವುದು ಒಳ್ಳೆಯದು. ಕಣ್ಣಿನ ಎತ್ತರವನ್ನೂ ಸರಿಮಾಡಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ, ನಿಂತವರ ಲೆಕ್ಕ ಅವರಿಗೆ ಆಗಿಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಪ್ರಶ್ನೆ. “ಹೇಗಿದೆ?” ಅಂತ ಕೇಳಬೇಡಿ, ಮತ್ತೆ “ಚೆನ್ನಾಗಿದೆ” ಬರುತ್ತದೆ. “ಅಜ್ಜಿ, ಈಗ ಬೆಳಿಗ್ಗೆ ಆರು ಗಂಟೆ. ಸ್ನಾನಕ್ಕೆ ಹೋಗಿ” ಅಂತ ಕೆಲಸ ಕೊಡಿ. ನಾನು ಹಾಗೆ ಹೇಳಿದ ಕೂಡಲೇ ಒಬ್ಬ ಅಜ್ಜಿ ಸುತ್ತ ನೋಡಿ, “ಬಕೆಟ್ ಎಲ್ಲಿಡ್ಲಿ? ಕೂತು ಸ್ನಾನ ಮಾಡೋಕೆ ಮಣೆ ಎಲ್ಲಿ?” ಅಂದರು. ಇನ್ನೊಬ್ಬರು ಬಾಲ್ಕನಿಗೆ ಹೋಗಿ, “ಆರು ಗಜದ ಸೀರೆ ಇಲ್ಲಿ ಹೇಗೆ ಒಣಗುತ್ತೆ?” ಅಂತ ಕೇಳಿದರು. ಬಾತ್‌ರೂಮಿನ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಅದನ್ನು ನೋಡಿದ ತಾತ ಒಬ್ಬರು, “ನಾನು ಒಳಗೆ ಬಿದ್ರೆ ಬಾಗಿಲಿಗೆ ಅಡ್ಡ ಆಗ್ತೀನಿ, ಯಾರು ಹೇಗೆ ಬರ್ತಾರೆ?” ಅಂದರು. ಈಗ ಅಲ್ಲಿ ಸರಿಯುವ ಬಾಗಿಲು ಬಂದಿದೆ.

ಪಡುವಣದ ಕಾರಿಡಾರಿಗೆ ಹೊಳೆಯುವ ಟೈಲ್ಸ್ ಹಾಕುವುದು ಅಂತಾಗಿತ್ತು. ಮಾದರಿಯಲ್ಲಿ ಸಂಜೆ ನಾಲ್ಕರ ಬಿಸಿಲು ಇಟ್ಟು ತೋರಿಸಿದೆ. “ನೀರು ಚೆಲ್ಲಿದೆ, ಒರೆಸಿ” ಅಂದರು! ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗಿ ಬೆಳಕು ಚೆದುರುತ್ತದೆ, ಹೊಳಪು ಕಣ್ಣಿಗೆ ಚುಚ್ಚುತ್ತದೆ. ಅದೇ ಹೊತ್ತಿಗೆ ಬೆಳಕೂ ಜಾಸ್ತಿ ಬೇಕು. ಅರುವತ್ತರ ಕಣ್ಣಿನೊಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಹೊಳಪಿಲ್ಲದ ನೆಲ, ಹೆಚ್ಚಿನ ದೀಪ, ನೆಲಕ್ಕಿಂತ ಬೇರೆಯಾಗಿ ಎದ್ದುಕಾಣುವ ಬಣ್ಣದ ಕಮೋಡ್ ಸೀಟು ಅಂತ ಬದಲಿಸಿದೆವು.

ನಕ್ಷೆಯಲ್ಲಿ ಕಟ್ಟಡದ ಹಿಂಬದಿಯ ತೋಟದಲ್ಲಿ ಕಲ್ಲುಬೆಂಚಿನ ಜಾಗ ಇತ್ತು. ವಿಆರ್‌ನಲ್ಲಿ ಅಲ್ಲಿ ಕೂರಿಸಿದಾಗ ಬಹಳ ಜನ “ಗೇಟು ಕಾಣಲ್ಲ” ಅಂದರು. ಯಾರು ಬಂದರು, ಹಾಲಿನವನು ಹೋದನಾ, ಬಸ್ ನಿಂತಿತಾ, ಅವರಿಗೆ ಅದು ಬೇಕು. ಶಾಂತಿ ಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಕೇಳದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ವಿಆರ್‌ನಲ್ಲಿ ಕೈ ಊರಿ ಏಳಲು ಬರುವುದಿಲ್ಲ, ಕಾಲು ಜಾರುವುದೂ ತಿಳಿಯುವುದಿಲ್ಲ. ಅದಕ್ಕೆ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಿಂದ ಬಾತ್‌ರೂಮನ್ನು ನಿಜ ಅಳತೆಯಲ್ಲಿ ಬರೆದು, ಹಿಡಿಕೆಯ ಪೈಪನ್ನು ಬೇರೆ ಬೇರೆ ಎತ್ತರದಲ್ಲಿ ಹಿಡಿದು, ಎದ್ದು ಕೂತು ನೋಡಿಸಿದೆವು.

ಕೊನೆಗೆ ತಿದ್ದಿದ ಮಾದರಿಯನ್ನು ಮತ್ತೆ ತೋರಿಸಿದೆವು. ಯಾರ ಮಾತಿನಿಂದ ಏನು ಬದಲಾಯಿತು ಅಂತ ಅವರ ಹೆಸರು ಹೇಳಿಯೇ ತಿಳಿಸಿದೆ. ಪ್ರತಿ ಕೋಣೆಗೂ ದೇವರ ಗೂಡು ಕೇಳಿದ್ದರು. ದೀಪ ಹಚ್ಚಿದರೆ ಬೆಂಕಿಯ ಭಯ ಅಂತ ಆಡಳಿತದವರು ಒಪ್ಪಲಿಲ್ಲ. ಆ ಕಾರಣವನ್ನೂ ಮುಚ್ಚಿಡದೆ ಹೇಳಿದೆ. ಒಂದಿಷ್ಟು ವಾದ ನಡೆಯಿತು. ಮಹಡಿಗೊಂದು ದೇವರ ಕಟ್ಟೆ ಇರಲಿ, ದೀಪ ಅಲ್ಲೇ ಹಚ್ಚೋಣ ಅಂತ ಅವರೇ ದಾರಿ ಹೇಳಿದರು.