ಓಡುವ ಹಡಗಿಗೆ ಎಣ್ಣೆ ತುಂಬಿಸುವ ಕೆಲಸ

ಭಾರತೀಯ ನೌಕಾಪಡೆಯ ಟ್ಯಾಂಕರ್ ಹಡಗು ಐಎನ್‌ಎಸ್ ದೀಪಕ್‌ನಲ್ಲಿ ನಾನು ಡೆಕ್ ನಾವಿಕನಾಗಿದ್ದೆ. ನಡು ಸಮುದ್ರದಲ್ಲಿ ಯುದ್ಧನೌಕೆಗಳಿಗೆ ಎಣ್ಣೆ ಪೈಪು ದಾಟಿಸುವ ತಂಡ ನಮ್ಮದು. ನೌಕಾಪಡೆಯಲ್ಲಿ ಇದಕ್ಕೆ ‘ರಾಸ್’ ಅಂತಾರೆ, ‘ರೀಪ್ಲೆನಿಶ್‌ಮೆಂಟ್ ಅಟ್ ಸೀ’, ಅಂದರೆ ಸಮುದ್ರದಲ್ಲೇ ಪೂರೈಕೆ. ಊರಲ್ಲಿ ಹೇಳಿದರೆ, “ಅಂದ್ರೆ ಪೆಟ್ರೋಲ್ ಬಂಕಾ?” ಅಂತ ಕೇಳುತ್ತಿದ್ದರು. ಹೌದು, ಬಂಕೇ. ಆದರೆ ಇಲ್ಲಿ ಗಾಡಿಯ ಜೊತೆ ಬಂಕೂ ಓಡುತ್ತಿರುತ್ತದೆ, ಅಷ್ಟೇ.

ದೀಪಕ್ ಇಟಲಿಯ ಫಿನ್‌ಕಾಂಟಿಯೆರಿ ಕಟ್ಟಿದ ಹಡಗು. 2011ರ ಜನವರಿಯಲ್ಲಿ ಸೇವೆಗೆ ಬಂತು. 175 ಮೀಟರ್ ಉದ್ದ, ಪೂರ್ತಿ ತುಂಬಿದರೆ 27,500 ಟನ್. ಹೊಟ್ಟೆಯಲ್ಲಿ 15,500 ಟನ್‌ನಷ್ಟು ಹಡಗಿನ ಎಣ್ಣೆ, ವಿಮಾನದ ಇಂಧನ, ಸಿಹಿನೀರು. ದಿನಸಿ, ಮದ್ದುಗುಂಡು ಬೇರೆ. ಒಡಲಿಗೆ ಎರಡು ಪದರ. ಹೊರಗಿನದು ಹರಿದರೂ ಎಣ್ಣೆ ಸಮುದ್ರ ಸೇರಬಾರದು ಅಂತ. ಎಣ್ಣೆ ಕೊಟ್ಟಷ್ಟೂ ಹಡಗು ಹಗುರಾಗಿ ಮೇಲೇಳುತ್ತದೆ. ಆಗ ಬೇರೆ ಟ್ಯಾಂಕುಗಳಿಗೆ ಉಪ್ಪುನೀರು ತುಂಬಿ ಸಮ ಮಾಡುತ್ತಾರೆ. ಇಲ್ಲದಿದ್ದರೆ ಗಾಳಿಗೆ ಹೊರಳಾಡಿ ಪೈಪು ಕಟ್ಟುವವರ ಗತಿ ಕೆಡುತ್ತದೆ.

ಟ್ಯಾಂಕರ್‌ನ ಕೆಲಸ ನೇರವಾಗಿ, ಒಂದೇ ವೇಗದಲ್ಲಿ ಹೋಗುವುದು. ಸುಮಾರು ಹನ್ನೆರಡು ನಾಟ್ (ಗಂಟೆಗೆ 22 ಕಿ.ಮೀ.) ಇಟ್ಟುಕೊಂಡರೆ, ಎಣ್ಣೆ ಬೇಕಾದ ಹಡಗು ಹಿಂದಿನಿಂದ ಬಂದು ಪಕ್ಕದಲ್ಲಿ ಜೊತೆಯಾಗುತ್ತದೆ. ನಡುವೆ ಮೂವತ್ತು ನಲವತ್ತು ಮೀಟರ್ ಅಂತರ. ಎರಡು ಒಡಲುಗಳ ನಡುವೆ ನೀರು ಜೋರಾಗಿ ಹರಿದು ಒತ್ತಡ ಇಳಿಯುವುದರಿಂದ ಹಡಗುಗಳು ಒಂದನ್ನೊಂದು ಸೆಳೆಯುತ್ತವೆ. ಅದಕ್ಕೇ ಪಕ್ಕದ ಹಡಗಿನಲ್ಲಿ ಚುಕ್ಕಾಣಿ ಹಿಡಿದವನಿಗೆ ಕಣ್ಣು ಮಿಟುಕಿಸಲೂ ಪುರುಸೊತ್ತಿಲ್ಲ. ಅಂತರ ಗೊತ್ತಾಗಲಿ ಅಂತ ಎರಡೂ ಹಡಗಿನ ನಡುವೆ ಬಣ್ಣಬಣ್ಣದ ಬಾವುಟ ಕಟ್ಟಿದ ಹಗ್ಗ ಎಳೆದಿರುತ್ತೇವೆ.

ಎಣ್ಣೆ ಪಂಪ್ ಮಾಡುವುದು ಸುಲಭದ ಭಾಗ. ಕಷ್ಟ ಇರುವುದು ಹಗ್ಗ ದಾಟಿಸುವುದರಲ್ಲಿ. ಮೊದಲು ಬಂದೂಕಿನಿಂದ ತೆಳ್ಳನೆ ದಾರ ಹಾರಿಸುತ್ತಾರೆ. ಆ ದಾರಕ್ಕೆ ದಪ್ಪ ಹಗ್ಗ, ಹಗ್ಗಕ್ಕೆ ಉಕ್ಕಿನ ಸ್ಪ್ಯಾನ್ ವೈರ್, ಅಂದರೆ ಪೈಪಿನ ಭಾರ ಹೊರುವ ತಂತಿ. ವೈರನ್ನು ಆ ಕಡೆ ಕೊಂಡಿಗೆ ಹಾಕಿದ ಮೇಲೆ ಇಲ್ಲಿ ವೈರ್ ಸುತ್ತುವ ಯಂತ್ರ, ವಿಂಚ್, ಬಿಗಿಯುತ್ತದೆ. ಹಡಗುಗಳು ಹತ್ತಿರ ಬಂದಾಗ ವೈರ್ ಜೋತು ಬೀಳದಂತೆ, ದೂರ ಹೋದಾಗ ಕಿತ್ತು ಹೋಗದಂತೆ ಟೆನ್ಷನರ್ ತಾನೇ ಎಳೆದು ಬಿಟ್ಟು ಮಾಡುತ್ತಿರುತ್ತದೆ. ಈ ವೈರಿಗೆ ನೇತುಬಿದ್ದು ಎಣ್ಣೆ ಪೈಪು, ಅಂದರೆ ಹೋಸ್, ಆಚೆ ಜಾರುತ್ತದೆ. ಅದರ ತುದಿಯ ಲೋಹದ ಮೂತಿ, ಪ್ರೋಬ್, ಆ ಹಡಗಿನ ಗಂಟಲಿಗೆ ಕೂತು ‘ಟಕ್’ ಅಂದರೆ ಅರ್ಧ ಜೀವ ಬಂದ ಹಾಗೆ. ಎಣ್ಣೆ ಹರಿಯುವಷ್ಟು ಹೊತ್ತೂ ಮೇಲೆ ಕೆಂಪು ಬ್ರಾವೊ ಬಾವುಟ, ಅಪಾಯದ ಸರಕು ಇದೆ ಅನ್ನುವ ಸಂಕೇತ.

ಹಗ್ಗದ ಸುರುಳಿಯೊಳಗೆ ಕಾಲಿಡಬಾರದು ಅನ್ನುವುದು ಇಲ್ಲಿಯ ಮೊದಲ ಪಾಠ. ಡೆಕ್ ನಾವಿಕರ ಮೇಲ್ವಿಚಾರಕರಾದ ನಮ್ಮ ಬಫರ್ ಸಾಹೇಬರು ಬೇರೇನು ಬೈಯದಿದ್ದರೂ ಇದಕ್ಕೆ ಬೈಯುತ್ತಿದ್ದರು. “ನೋಡ್ರೋ, ಬಿಗಿಯಾದ ವೈರ್ ತುಂಡಾದರೆ ವಾಪಸ್ ಬರುತ್ತೆ. ಅದು ಬರುವ ದಾರಿಯಲ್ಲಿ ನಿಲ್ಲಬೇಡಿ.” ಹಾಗಾಗಿ ಡೆಕ್ ಮೇಲೆ ಎಲ್ಲಿ ನಿಂತರೆ ಕ್ಷೇಮ ಅಂತ ಲೆಕ್ಕ ಹಾಕುವುದು ರೂಢಿಯಾಯಿತು.

ಬಂದರಿಗೆ ಬಂದ ಮೇಲೂ ಬಿಡುವಿಲ್ಲ. ವೈರ್‌ಗಳಿಗೆ ಗ್ರೀಸ್, ಎಳೆ ಬಿಟ್ಟಿದ್ದರೆ ಬದಲಾವಣೆ, ಹೋಸುಗಳಿಗೆ ಒತ್ತಡದ ಪರೀಕ್ಷೆ, ಎಲ್ಲೆಂದರಲ್ಲಿ ತುಕ್ಕು ಕೆರೆಯುವುದು. ಒಂದು ಟ್ಯಾಂಕರ್ ಮೂವತ್ತು ವರ್ಷ ಬಾಳುವುದು ಇದರ ಮೇಲೇ ನಿಂತಿದೆ, ಇಂಜಿನ್ ಮೇಲಲ್ಲ ಅಂತ ನನ್ನ ಅಭಿಪ್ರಾಯ. ಇದೇ ಹೆಸರಿನ ಹಳೆಯ ದೀಪಕ್ 1967ರಿಂದ 1996ರವರೆಗೆ ದುಡಿಯಿತು. ಈಗಿನ ದೀಪಕ್ 2013ರ ಕೊನೆಗೆ ರಷ್ಯಾದಿಂದ ವಿಕ್ರಮಾದಿತ್ಯ ಹೊರಟಾಗ ಜೊತೆಗಿತ್ತು. 2014ರ ಜನವರಿಯಲ್ಲಿ ಆ ವಿಮಾನವಾಹಕ ನಮ್ಮ ಕಾರವಾರಕ್ಕೆ ಬಂದದ್ದನ್ನು ಎಲ್ಲರೂ ನೋಡಿದರು. ಪಕ್ಕದ ಟ್ಯಾಂಕರ್ ಕಡೆ ಯಾರು ನೋಡ್ತಾರೆ, ಅಲ್ವಾ?

2023ರಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ಗೆ ತಲಾ 44,000 ಟನ್ನಿನ ಐದು ಹೊಸ ಪೂರೈಕೆ ಹಡಗುಗಳ ಆರ್ಡರ್ ಸಿಕ್ಕಿದೆ. ವಿಂಚ್ ಚಾಲಕನಿಗೆ ಬಿಸಿಲು ಮಳೆಗೆ ಒಂದು ಒಳ್ಳೆ ಸೂರು, ಹೋಸ್ ಹರಡಲು ಜಾಸ್ತಿ ಜಾಗ, ಇಷ್ಟು ಕೊಟ್ಟರೆ ಅಲ್ಲಿನ ಹುಡುಗರು ಅವನ್ನು ಚೆನ್ನಾಗಿ ನಡೆಸುತ್ತಾರೆ.