ಮೈಸೂರಿನ ಹಳೇ ಮದ್ರಾಸ್ ತಾರಸಿ ಉಳಿಸಿದ ನನ್ನ ಅನುಭವ

ನಾನು ದುರಸ್ತಿ ಮಾಡಿಕೊಟ್ಟ ಕೃಷ್ಣಮೂರ್ತಿಪುರಂ ಮನೆಯ ತಾರಸಿ ಈ ಸಲ ಮೂರನೇ ಮಳೆಗಾಲ ದಾಟಿತು. ಒಂದು ಹನಿ ಕೆಳಗೆ ಬಿದ್ದಿಲ್ಲ. ಮೊದಲ ವರ್ಷವೇ ಬರೆಯೋಣ ಅಂದುಕೊಂಡಿದ್ದೆ, ತಡೆದೆ. ಗಾರೆ ಕೆಲಸದ ಬಗ್ಗೆ ಒಂದೇ ಮಳೆಗಾಲ ನೋಡಿ ಮಾತಾಡಬಾರದು.

ಮನೆಗೆ ನೂರರ ಆಸುಪಾಸು ವಯಸ್ಸು. ಮುಂದೆ ಜಗಲಿ, ಒಳಗೆ ಸಣ್ಣ ತೊಟ್ಟಿ, ಮೂರು ಕೋಣೆಗೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆ ಕೂರಿಸಿ, ಸುಣ್ಣದ ಗಾರೆ ಬಡಿದು ಮಾಡಿದ ಚಾವಣಿ. ಒಟ್ಟು ಸುಮಾರು 900 ಚದರಡಿ. ಮೂವತ್ತು ವರ್ಷದ ಹಿಂದೆ ಸೋರುತ್ತೆ ಅಂತ ಯಾರೋ ಅದರ ಮೇಲೆ ಎರಡಿಂಚು ಸಿಮೆಂಟ್ ಕಾಂಕ್ರೀಟ್ ಹಾಕಿದ್ದರು. ಮತ್ತೆ ಸೋರಿತು. ಟಾರ್ ಶೀಟ್ ಹಾಸಿದರು. ಅದರ ಮೇಲೆ ಮತ್ತೆ ಸಿಮೆಂಟ್. ಒಳಗೆ ಹೋದ ನೀರು ಆರಲು ದಾರಿಯೇ ಇಲ್ಲ. ಭಾರಕ್ಕೆ ತೇಗದ ತೊಲೆಗಳು ಬಗ್ಗಿದ್ದವು. ಗೋಡೆಯೊಳಗೆ ಕೂತ ತುದಿಗಳಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯುತ್ತಿತ್ತು.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಕೆಡವಿ, ಆರ್‌ಸಿಸಿ ಹಾಕಿ. ಅವರ ಭಯ ನನಗೆ ಅರ್ಥವಾಗುತ್ತೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಅಲ್ಲಿಂದ ಈಚೆಗೆ ನಮ್ಮೂರಲ್ಲಿ ಮದ್ರಾಸ್ ತಾರಸಿ ಅಂದರೆ ಜನ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಆದರೆ ನಾನು ಬಿಚ್ಚಿ ನೋಡಿದ ಎಂಟು-ಹತ್ತು ತಾರಸಿಗಳಲ್ಲಿ ಗಾರೆಯೇ ಕೈಕೊಟ್ಟದ್ದು ಒಂದೋ ಎರಡೋ. ಉಳಿದ ಕಡೆ ತೊಂದರೆ ಬಂದದ್ದು ಮೇಲೆ ಹಾಕಿದ ಸಿಮೆಂಟ್‌ನಿಂದ, ಮಳೆನೀರು ಹೊರಹೋಗುವ ದೋಣಿ ಕಟ್ಟಿಕೊಂಡದ್ದರಿಂದ, ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಗಿಡದಿಂದ.

ಮನೆಯ ಒಡತಿ ಅಮ್ಮ ಎಂಬತ್ತರ ಹತ್ತಿರದವರು. "ನೋಡಪ್ಪಾ, ಉಳಿಸ್ತೀನಿ ಅಂದ್ರೆ ಉಳಿಸಿಕೊಡು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು" ಅಂದರು. ಆಗುತ್ತೆ ಅಂದೆ. ಹಾಗೆ ಹೇಳುವ ಧೈರ್ಯ ಬಂದದ್ದು ಹಿಂದೆ ಎರಡು ಕಡೆ ಸೋತಿದ್ದರಿಂದ.

ಮೊದಲ ಸೋಲು ಒಂದು ಸಣ್ಣ ಛತ್ರದ ಅಡುಗೆಮನೆಯದು. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಸುಣ್ಣದ ಪುಡಿ ತಂದೆ. ಗೋಡೆಗೆ ಬಳಿಯುತ್ತಾರಲ್ಲ, ಅದೇ. ಎಷ್ಟು ದಿನ ಇಟ್ಟಿದ್ದರೋ ಏನೋ, ಅದರ ಶಕ್ತಿ ಹೋಗಿತ್ತು. ಹಾಕಿದ ಗಾರೆ ತಿಂಗಳಾದರೂ ಉಗುರಿಗೆ ಎದ್ದು ಬರುತ್ತಿತ್ತು. ಮೊದಲ ಜೋರು ಮಳೆಗೆ ದೋಣಿಯಲ್ಲಿ ಹಾಲಿನ ಹಾಗೆ ಬಿಳಿ ನೀರು ಹರಿಯಿತು. ಅರವತ್ತು ಸಾವಿರದಷ್ಟು ಕೈಯಿಂದ ಹೋಯಿತು. ಪೂರ್ತಿ ಕಿತ್ತು ಮತ್ತೆ ಮಾಡಿಕೊಟ್ಟೆ.

ಎರಡನೆಯದರಲ್ಲಿ ಸುಣ್ಣ ಸರಿ ಇತ್ತು. ಹರಳು ಸುಣ್ಣ (ಸುಟ್ಟ ಸುಣ್ಣದ ಗಟ್ಟಿ) ತರಿಸಿ, ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ಮೂರು ವಾರ ನೀರಿನಡಿ ಇಟ್ಟಿದ್ದೆ. ಆದರೆ ಕೆಲಸ ಹಿಡಿದದ್ದು ಮಾರ್ಚ್ ಕೊನೆಯಲ್ಲಿ. ಬಿಸಿಲಿಗೆ ನಾಲ್ಕೇ ದಿನದಲ್ಲಿ ತಾರಸಿ ಬತ್ತಿದ ಕೆರೆಯ ಹಾಗೆ ಬಿರುಕು ಬಿಟ್ಟಿತು. ಅದರ ಜೊತೆ, ಗಟ್ಟಿಯಾಗಲಿ ಅಂತ ಬೆಲ್ಲ ಜಾಸ್ತಿ ಹಾಕಿದ್ದೆ. ಇರುವೆ ಸಾಲು ಒಂದು ತಿಂಗಳು ಬಿಡಲಿಲ್ಲ, ಗಾರೆಯೂ ಮೆತ್ತಗೇ ಉಳಿಯಿತು. ಬೆಲ್ಲ ಒಂದು ಹದದವರೆಗೆ ಮಾತ್ರ ಗೆಳೆಯ. ಆ ಹದ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಸುಣ್ಣ ಬದಲಾದರೆ ಅದೂ ಬದಲಾಗುತ್ತೆ. ನನಗೆ ಅದು ದುಡ್ಡು ಕೊಟ್ಟು ಬಂದ ಪಾಠ.

ಈ ಮನೆಗೆ ನವೆಂಬರ್ ಕೊನೆಗೆ ಕೈ ಹಾಕಿದೆ. ಕೆಳಗೆ ನೀಲಗಿರಿ ಕಂಬ, ಜಾಕಿ ಕೊಟ್ಟು ತೊಲೆಗಳನ್ನು ಹಿಡಿಸಿದೆವು. ಸಿಮೆಂಟ್ ಒಡೆಯಲು ಬ್ರೇಕರ್ ಮಿಷನ್ ಬೇಡವೇ ಬೇಡ. ಉಳಿ, ಸುತ್ತಿಗೆ ಮಾತ್ರ. ಹನ್ನೊಂದು ದಿನ ಹಿಡಿಯಿತು. ಇಳಿಸಿದ ಭಾರ ಆರೇಳು ಟ್ರ್ಯಾಕ್ಟರ್ ಲೋಡ್. ಭಾರ ಇಳಿದ ಮೇಲೆ, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಕಿ ತಿರುಗಿಸಿದಾಗ ಎರಡು ತೊಲೆ ಅರ್ಧ ಇಂಚಿನಷ್ಟು ಮೇಲೆದ್ದವು. ತೇಗದ ಗುಣ ಅದು.

ಒಟ್ಟು ಇಪ್ಪತ್ತಾರು ತೊಲೆ. ಒಂಬತ್ತರ ತುದಿ ಕೊಳೆತಿತ್ತು. ಪೂರ್ತಿ ಬದಲಾಯಿಸಲಿಲ್ಲ. ಕೊಳೆತ ಒಂದೂವರೆ-ಎರಡು ಅಡಿ ಕತ್ತರಿಸಿ, ಕೆಡವಿದ ಮನೆಯಿಂದ ತಂದ ಹಳೇ ತೇಗದ ತುಂಡನ್ನು ಓರೆ ಕಚ್ಚು ಹಾಕಿ ಕೂರಿಸಿದೆವು. ಎರಡು ಬದಿಗೂ ಕಬ್ಬಿಣದ ಪಟ್ಟಿ, ಬೋಲ್ಟು. ತುದಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಮೂರು ಸಲ. ಗೋಡೆಯೊಳಗೆ ತೊಲೆಯ ಸುತ್ತ ಬೆರಳಗಲ ಗಾಳಿ ಆಡುವ ಜಾಗ ಬಿಟ್ಟೆ. ಹಿಂದಿನವರು ಸಿಮೆಂಟ್ ಮೆತ್ತಿ ಅದನ್ನೇ ಮುಚ್ಚಿದ್ದರು, ಅಲ್ಲೇ ಕೊಳೆತದ್ದು. ತೆಳು ತಾರಸಿ ಇಟ್ಟಿಗೆ ಮುಕ್ಕಾಲು ಭಾಗ ಹಳೆಯದೇ ಬಳಸಿದೆ. ಉಳಿದದ್ದಕ್ಕೆ ಕೆಡವುವ ಮನೆಗಳ ಮುಂದೆ ಹೋಗಿ ನಿಂತೆ. ಒಂದಕ್ಕೆ ನಾಲ್ಕೈದು ರೂಪಾಯಿ ಬಿತ್ತು.

ಆಮೇಲೆ ಇಟ್ಟಿಗೆ ಜೆಲ್ಲಿ ಗಾರೆ, ಅಂದರೆ ಇಟ್ಟಿಗೆ ಚೂರು ಸೇರಿಸಿ ಕಲಸಿದ ಸುಣ್ಣದ ಗಾರೆ, ನಾಲ್ಕು ಇಂಚು. ನಿಜವಾದ ಕೆಲಸ ಇರುವುದು ಇದನ್ನು ಬಡಿಯುವುದರಲ್ಲಿ. ಹಿಂದಿನ ಎರಡೂ ಕಡೆ ನಾನು ಒಂದೂವರೆ ದಿನಕ್ಕೆ ಬಡಿತ ನಿಲ್ಲಿಸಿದ್ದೆ, ಕೂಲಿ ಏರುತ್ತೆ ಅಂತ. ಈ ಸಲ ನಂಜನಗೂಡು ಕಡೆಯ ಒಬ್ಬ ಹಳೇ ಮೇಸ್ತ್ರಿಯನ್ನು ಹುಡುಕಿ ಕರೆತಂದೆ. ಅವರು ಕೂತಲ್ಲೇ ಕೂತು ನೋಡಿದರು. "ಸ್ವಾಮಿ, ಕೊಡತಿ ಕೈಗೆ ಎದುರು ಹೊಡೀಬೇಕು. ಅಲ್ಲೀಗಂಟ ನಿಲ್ಲಿಸ್ಬ್ಯಾಡಿ" ಅಂದರು.

ಹತ್ತು ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿದರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಹೋದರು. ಮೊದಲ ದಿನ ಕೊಡತಿ ದೊಪ್ ಅಂತ ಕೂರುತ್ತೆ, ಗುರುತು ಬೀಳುತ್ತೆ. ಮೂರನೇ ದಿನ ಮೇಲ್ಮೈಯಲ್ಲಿ ಕೆನೆ ಬಂದಂತೆ ಸುಣ್ಣ ಏಳುತ್ತೆ. ಐದನೇ ದಿನ ಮಧ್ಯಾಹ್ನ ಶಬ್ದವೇ ಬದಲಾಯಿತು. ಟಣ್ ಅಂತ ಕೇಳಿತು, ಕೊಡತಿ ತಾನಾಗೇ ಎಗರಿತು. ನಾನೂ ಒಂದು ತಗೊಂಡು ಹೊಡೆದೆ. ಅಂಗೈ ಜುಮ್ಮೆಂದಿತು. ನಾಲ್ಕು ಇಂಚು ಇದ್ದದ್ದು ಮೂರಕ್ಕೆ ಇಳಿದಿತ್ತು. ಅದರ ಮೇಲೆ ಚಪ್ಪಟೆ ಹೆಂಚು ಎರಡು ವರಸೆ, ಸಂದಿಗೆ ನುಣ್ಣನೆ ಗಾರೆ. ಆ ಗಾರೆಗೆ ನಾನು ಒಂದು ವಸ್ತು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಮೂರು ವಾರ ಒದ್ದೆ ಗೋಣಿತಾಟು ಹಾಸಿ, ದಿನಕ್ಕೆ ನಾಲ್ಕು ಸಲ ನೀರು.

ದುಡ್ಡಿನ ವಿಷಯ. ಕೆಡವಿ ಆರ್‌ಸಿಸಿ ಹಾಕಲು ಅಮ್ಮನಿಗೆ ಕೊಟ್ಟಿದ್ದ ಅಂದಾಜು ಎಂಟು ಲಕ್ಷದ ಆಚೀಚೆ. ನನಗೆ ಮುಗಿದದ್ದು ಆರು ಮುಕ್ಕಾಲಿಗೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಲಿ. ಸುಣ್ಣ, ಬೆಲ್ಲ, ಅಳಲೆಕಾಯಿ ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟಲಿಲ್ಲ. ಬಡಿತ ಎರಡು ದಿನ ಅಂತ ಲೆಕ್ಕ ಹಾಕಿದ್ದೆ, ಐದು ದಿನವಾಯಿತು. ಆ ನಲವತ್ತು ಸಾವಿರ ನನ್ನ ಜೇಬಿಂದ ಹೋಯಿತು. ಈಗ ಅಂದಾಜು ಬರೆಯುವಾಗ ಮೊದಲು ಬರೆಯುವುದೇ ಬಡಿತ.

ಮಧ್ಯೆ ಒಂದೆರಡು ಪ್ರಯೋಗವೂ ಆಯಿತು. ಕೆಳಗಿನ ಗೋಡೆ ತೇವ ಹೀರಿ ಉಪ್ಪು ಬಿಡುತ್ತಿತ್ತು. ನಾಲ್ಕಡಿ ಎತ್ತರದವರೆಗೆ ಸಿಮೆಂಟ್ ಪ್ಲಾಸ್ಟರ್ ಕಿತ್ತು, ಎರಡು ತಿಂಗಳು ಹಾಗೇ ಬಿಟ್ಟೆ. ವಾರಕ್ಕೊಮ್ಮೆ ಒಣ ಬ್ರಷ್‌ನಲ್ಲಿ ಉಪ್ಪು ಉದುರಿಸಿದೆ. ನೀರು ಮುಟ್ಟಿಸಲಿಲ್ಲ. ಆಮೇಲೆ ಸುಣ್ಣದ ಪ್ಲಾಸ್ಟರ್. ಒಂದು ಮೂಲೆ ಬಿಟ್ಟರೆ ಉಳಿದದ್ದು ಚೆನ್ನಾಗಿದೆ. ಒಂದು ಪಡಸಾಲೆ ಗೋಡೆಗೆ ಮೊಟ್ಟೆಯ ಬಿಳಿ ಸೇರಿಸಿ ನುಣುಪು ಮಾಡಲು ಹೊರಟೆ. ಕೈ ಸವರಿದರೆ ಗಾಜಿನ ಹಾಗಾಯಿತು, ಆದರೆ ವಾಸನೆಗೆ ಅಮ್ಮ ನಾಲ್ಕು ದಿನ ಆ ಕಡೆ ಬರಲಿಲ್ಲ. ಅವರ ಮನೆಯಲ್ಲಿ ಮೊಟ್ಟೆ ತರುವ ಮೊದಲು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪಾಯಿತು. ಅದನ್ನು ಕೆರೆದು ಬಳಪದ ಕಲ್ಲಿನ ಪುಡಿಯಲ್ಲಿ ಉಜ್ಜಿಸಿದೆ. ಅದೂ ಸಾಕಷ್ಟು ನುಣುಪು ಬರುತ್ತೆ.

ಹೋದ ತಿಂಗಳು, ಕೆಡವಿ ಅಂದಿದ್ದ ಇಂಜಿನಿಯರ್ ಒಬ್ಬರು ತಾವಾಗೇ ಬಂದರು. ತಾರಸಿ ಮೇಲೆ ಹತ್ತಿ, ಬಗ್ಗಿ, ಹಿಮ್ಮಡಿಯಲ್ಲಿ ಎರಡು ಕಡೆ ಬಡಿದು ನೋಡಿದರು. ಅಮ್ಮ ಹಾಸಿದ್ದ ಸಂಡಿಗೆಯನ್ನು ತುಳಿಯದ ಹಾಗೆ ಸುತ್ತು ಹಾಕಿ ಕೆಳಗಿಳಿದರು. ತಮ್ಮ ಅತ್ತೆಮನೆಯ ತಾರಸಿ ಸೋರುತ್ತಿದೆಯಂತೆ, ಚಾಮರಾಜಪುರಂನಲ್ಲಿ. ಭಾನುವಾರ ಹೋಗಿ ತೊಲೆ ತುದಿ ಚುಚ್ಚಿ ನೋಡಿ ಬಂದಿದ್ದೇನೆ. ಮೂರು ಮಾತ್ರ ಕೆಟ್ಟಿವೆ. ಬಡಿಯಲು ಹತ್ತು ಕೈ ಬೇಕು, ಸದ್ಯಕ್ಕೆ ಆರು ಸಿಕ್ಕಿವೆ.