ವಾರಕ್ಕೊಂದು ಸಾಲು: ವಿಶ್ವಾಸ ಪ್ರಮಾಣವನ್ನು ದಿನದ ಬದುಕಿಗೆ ತಂದುಕೊಳ್ಳುವ ಬಗೆ

ಅಮ್ಮ ಆಸ್ಪತ್ರೆ ಸೇರಿದ ಒಂಬತ್ತನೇ ದಿನ ನಮ್ಮ ಚರ್ಚಿನ ಸಭೆಯವರೊಬ್ಬರು ನೋಡಲು ಬಂದರು. ಮಂಚದ ಪಕ್ಕ ನಿಂತು ಪ್ರಾರ್ಥನೆ ಮಾಡಿದರು. ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಮನೆಯಲ್ಲಿ ಅರಿಕೆ ಮಾಡದ ಪಾಪ ಯಾವುದೋ ಉಳಿದಿದೆ. ಅದಕ್ಕೇ ಗುಣ ಆಗ್ತಿಲ್ಲ." ಅವರು ಕೆಟ್ಟವರಲ್ಲ. ಪ್ರೀತಿಯಿಂದಲೇ ಹೇಳಿದ್ದರು. ಆದರೆ ಆ ರಾತ್ರಿಯೆಲ್ಲ ನಾನು ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, ಡ್ರಿಪ್ ಹನಿ ಬೀಳುವುದನ್ನು ನೋಡುತ್ತಾ, ನನ್ನ ಪಾಪಗಳನ್ನು ಎಣಿಸಿದೆ.

ಚಿಕ್ಕಂದಿನಿಂದ ಸಭೆಗೆ ಹೋದವಳು ನಾನು. ಹಾಡು ಬರುತ್ತಿತ್ತು, ವಚನಗಳು ಬಾಯಿಪಾಠ ಇದ್ದವು. ಬೈಬಲಿನ ಯೋಹಾನನ ಸುವಾರ್ತೆಯ 9ನೇ ಅಧ್ಯಾಯವೂ ಗೊತ್ತಿತ್ತು. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಅಂತ ಕೇಳುತ್ತಾರೆ. ಯಾರೂ ಅಲ್ಲ ಅನ್ನುತ್ತಾನೆ ಯೇಸು. ಕಥೆ ಗೊತ್ತಿದ್ದೂ ಅದು ಆ ರಾತ್ರಿ ನನ್ನ ಕೈಗೆ ಸಿಗಲಿಲ್ಲ.

ಸಿದ್ಧಾಂತ ಬೇಡ, ಪ್ರೀತಿ ಸಾಕು ಅಂತ ತುಂಬ ಜನ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಅವತ್ತು ಬಾಗಿಲ ಹತ್ತಿರ ನನಗೆ ಸಿಕ್ಕಿದ್ದೂ ಒಂದು ಸಿದ್ಧಾಂತವೇ ಅಲ್ವಾ? ಕಾಯಿಲೆ ಅಂದರೆ ಗುಟ್ಟು ಪಾಪಕ್ಕೆ ಶಿಕ್ಷೆ ಅನ್ನುವ ಸಿದ್ಧಾಂತ. ದೇವರ ಬಗ್ಗೆ ಯಾರು ಬಾಯಿ ತೆರೆದರೂ ಒಂದು ಬೋಧನೆ ಹೊರಗೆ ಬರುತ್ತದೆ. ಅದು ಸರಿಯಿದೆಯೋ ಇಲ್ಲವೋ ಅಂತ ತೂಗಲು ನಮ್ಮ ಹತ್ತಿರ ತಕ್ಕಡಿ ಇರಬೇಕು. ಆಮೇಲಿನ ವರ್ಷಗಳಲ್ಲಿ ನಾನು ಮಾಡಿಕೊಂಡ ರೂಢಿಯನ್ನು ಇಲ್ಲಿ ಹೇಳುತ್ತೇನೆ. ದೇವತಾಶಾಸ್ತ್ರ ಓದಿದವಳಲ್ಲ, ಭಾನುವಾರದ ಮಕ್ಕಳ ತರಗತಿಗೆ ಪಾಠ ಮಾಡುವವಳು ನಾನು.

ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಅಪೊಸ್ತಲರ ವಿಶ್ವಾಸ ಪ್ರಮಾಣ ಸಾಕು, ಅಂದರೆ ಕ್ರೈಸ್ತರು ಏನು ನಂಬುತ್ತಾರೆ ಅಂತ ಕೆಲವೇ ಸಾಲುಗಳಲ್ಲಿ ಹೇಳುವ ಹಳೆಯ ಅರಿಕೆ. ಅದನ್ನು ಹಿಂದಿನಿಂದಲೂ 12 ಭಾಗ ಮಾಡಿ ಕಲಿಸುತ್ತಾರೆ. ವಾರಕ್ಕೊಂದು ಭಾಗ ಇಟ್ಟುಕೊಂಡರೆ ಮೂರು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಪುಟದಲ್ಲಿ ಆ ವಾರದ ಸಾಲನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಬಲಗಡೆ ಪುಟ ಖಾಲಿ ಇರಲಿ. ಆ ವಾರ ಸಿಟ್ಟು ಬಂದಿದ್ದು, ಹೆದರಿದ್ದು, ಯಾರಿಗೋ ಸುಳ್ಳು ಹೇಳಿದ್ದು, ಎಲ್ಲ ಅಲ್ಲಿಗೆ ಬರಲಿ. ಎರಡು ಪುಟಗಳೂ ಮುಖಾಮುಖಿ ಇರಬೇಕು, ಅದು ಮುಖ್ಯ.

ಕೆಲವು ಸಾಲುಗಳು ಬೇಗ ಬಾಯಿ ಬಿಡುವುದಿಲ್ಲ. 'ಪೊಂತ್ಯ ಪಿಲಾತನ ಕಾಲದಲ್ಲಿ ಬಾಧೆಪಟ್ಟು' ಅನ್ನುವಲ್ಲಿ ಒಬ್ಬ ಅಧಿಕಾರಿಯ ಹೆಸರು ಯಾಕೆ ಅಂತ ಮೊದಲ ಸುತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ಪಿಲಾತ ಯೂದಾಯವನ್ನು ಕ್ರಿ.ಶ. 26ರಿಂದ 36ರವರೆಗೆ ಆಳಿದ ರೋಮನ್ ಅಧಿಪತಿ. ಯೇಸುವಿನ ಬಾಧೆ ಒಂದು ಊರಲ್ಲಿ, ಒಂದು ವರ್ಷದಲ್ಲಿ, ನಿಜವಾಗಿ ನಡೆದದ್ದು ಅಂತ ಆ ಹೆಸರು ಹೇಳುತ್ತದೆ.

ಸಾಲಿನ ಮುಂದೆ ಸುಮ್ನೆ ಕೂತರೆ ಮನಸ್ಸು ಓಡುತ್ತದೆ. ಅದಕ್ಕೊಂದು ಪ್ರಶ್ನೆ ಬೇಕು. ನಾನು ಅದನ್ನು ಹೈಡೆಲ್‌ಬರ್ಗ್ ಪ್ರಶ್ನೋತ್ತರದಿಂದ ತೆಗೆದುಕೊಂಡೆ, ಕ್ರೈಸ್ತ ಬೋಧನೆಯನ್ನು ಪ್ರಶ್ನೆ ಉತ್ತರಗಳಲ್ಲಿ ಕಲಿಸುವ ಪುಸ್ತಕ ಅದು. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಸಿದ್ಧವಾದದ್ದು. 129 ಪ್ರಶ್ನೆಗಳನ್ನು 52 ಭಾನುವಾರಗಳಿಗೆ ಹಂಚಿದ್ದಾರೆ. ಕ್ರಿಸ್ತನ ಪುನರುತ್ಥಾನದ ವಿಷಯ ಬಂದಾಗ ಅದು 'ಇದರಿಂದ ನಮಗೇನು ಪ್ರಯೋಜನ?' ಅಂತ ನೇರವಾಗಿ ಕೇಳಿಬಿಡುತ್ತದೆ. ಎಷ್ಟು ಬಿಚ್ಚು ಮನಸ್ಸಿನ ಪ್ರಶ್ನೆ! ಪ್ರತಿ ಸಾಲಿಗೂ ಇದನ್ನೇ ಕೇಳಿ. 'ಪಾಪಗಳ ಕ್ಷಮಾಪಣೆಯನ್ನು ನಂಬುತ್ತೇನೆ' ಅಂತ ಎಡಗಡೆ ಬರೆದ ವಾರ, ನನ್ನ ಬಲಗಡೆ ಪುಟದಲ್ಲಿ ಅಣ್ಣನ ಹೆಸರಿತ್ತು. ನಾಲ್ಕು ವರ್ಷದಿಂದ ನಾವು ಮಾತು ಬಿಟ್ಟಿದ್ದೆವು. ಗುರುವಾರ ರಾತ್ರಿ ಅವನಿಗೆ ಫೋನ್ ಮಾಡಿದೆ. ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಆದರೂ ಫೋನ್ ಮಾಡಿದ್ದು ಆ ಸಾಲಿನಿಂದಲೇ.

ಸಾಲು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಲ್ಲಿಂದ ಬಂತು ಅಂತ ಹುಡುಕುವುದು ಮುಂದಿನ ಕೆಲಸ. ಇಲ್ಲಿ ಆತುರ ಬೇಡ. ಅಪೊಸ್ತಲ ಪೌಲ ಹೇಳಿದ್ದನ್ನೇ ಬೆರೋಯ ಊರಿನವರು ದಿನಾಲೂ ಶಾಸ್ತ್ರ ತೆರೆದು ಪರೀಕ್ಷೆ ಮಾಡಿ ನೋಡುತ್ತಿದ್ದರು, ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕ ಅವರನ್ನು ಮೆಚ್ಚಿ ಬರೆಯುತ್ತದೆ. ಒಂದು ವಚನ ಕಿತ್ತುಕೊಂಡು ಬರಬೇಡಿ, ಹಿಂದೆ ಮುಂದೆ ಓದಿ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯವನ್ನೇ ನೋಡಿ. ಕ್ರಿಸ್ತನು ದೇವಸ್ವರೂಪನಾಗಿದ್ದೂ ತನ್ನನ್ನು ಬರಿದು ಮಾಡಿಕೊಂಡು ದಾಸನಾದ, ಶಿಲುಬೆಯ ಮರಣದವರೆಗೂ ತಗ್ಗಿದ. ಇಷ್ಟು ಎತ್ತರದ ಬೋಧನೆಯನ್ನು ಪೌಲ ಯಾಕೆ ತೆಗೆದ? ಮೇಲಿನ ಸಾಲುಗಳಲ್ಲಿ ಉತ್ತರ ಇದೆ: ಬೇರೆಯವರನ್ನು ನಿಮಗಿಂತ ಹೆಚ್ಚು ಅಂತ ಎಣಿಸಿರಿ ಎನ್ನುತ್ತಾನೆ. 4ನೇ ಅಧ್ಯಾಯಕ್ಕೆ ಬಂದರೆ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರು ಸಿಗುತ್ತಾರೆ, ಒಂದೇ ಮನಸ್ಸಿನಿಂದಿರಿ ಅಂತ ಅವರನ್ನು ಬೇಡಿಕೊಳ್ಳುತ್ತಾನೆ. ದೇವರ ಮಗ ಯಾರು ಅನ್ನುವುದು, ಮಾತು ಬಿಟ್ಟ ಇಬ್ಬರ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಇದನ್ನು ಕಂಡ ಮೇಲೆ ನನಗೆ ಪೌಲನ ಪತ್ರಗಳನ್ನು ಓದುವ ರೀತಿಯೇ ಬದಲಾಯಿತು. ರೋಮಾಪುರದವರಿಗೆ ಬರೆದ ಪತ್ರದಲ್ಲೂ 11 ಅಧ್ಯಾಯ ಬೋಧನೆ ಮಾಡಿ, 12ನೆಯದನ್ನು 'ಆದಕಾರಣ' ಅಂತ ತೆಗೆಯುತ್ತಾನೆ. ಆ 'ಆದಕಾರಣ'ಕ್ಕೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯಿರಿ.

ಕಲಿಸುವಾಗ ಮಾತ್ರ ಇನ್ನೂ ಹುಷಾರಾಗಿರಿ. ಒಮ್ಮೆ ಮಕ್ಕಳಿಗೆ ತ್ರಯೇಕ ದೇವರ ಬಗ್ಗೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದನ್ನು ಹೇಳಲು, ನೀರು, ಮಂಜುಗಡ್ಡೆ, ಆವಿ ಅಂತ ಉದಾಹರಣೆ ಕೊಟ್ಟೆ. ಚೆನ್ನಾಗಿದೆ ಅನಿಸಿತ್ತು. ಹತ್ತು ವರ್ಷದ ಹುಡುಗಿ ಕೈ ಎತ್ತಿದಳು: "ಮಿಸ್, ಹಾಗಾದ್ರೆ ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥನೆ ಮಾಡಿದ್ದು ಯಾರಿಗೆ?" ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು ನಿಂತುಬಿಟ್ಟೆ. ದೇವರು ಒಬ್ಬನೇ, ಮೂರು ವೇಷ ಅಷ್ಟೇ ಅನ್ನುವ ಬೋಧನೆಯನ್ನು ಸಭೆ 3ನೇ ಶತಮಾನದಲ್ಲೇ ತಳ್ಳಿಹಾಕಿತ್ತು. ನಾನು ಗೊತ್ತಿಲ್ಲದೆ ಅದನ್ನೇ ಕಲಿಸುತ್ತಿದ್ದೆ. ಮುಂದಿನ ಭಾನುವಾರ ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡೆ. ಯೇಸುವಿನ ದೀಕ್ಷಾಸ್ನಾನ ಓದಿದೆವು: ಮಗ ನೀರಿನಿಂದ ಮೇಲೆ ಬರುತ್ತಿದ್ದಾನೆ, ಪವಿತ್ರಾತ್ಮ ಇಳಿಯುತ್ತಿದ್ದಾನೆ, ತಂದೆಯ ಧ್ವನಿ ಕೇಳಿಸುತ್ತಿದೆ. ಮೂವರೂ ಒಂದೇ ಹೊತ್ತಿಗೆ. ಉದಾಹರಣೆಯೇ ಬೇಕಾಗಲಿಲ್ಲ.

ಒಂದು ಪದಕ್ಕಾಗಿ ಹಿರಿಯರು ಯಾಕಷ್ಟು ಹೋರಾಡಿದರು ಅಂತ ಆಗ ಅರ್ಥವಾಯಿತು. ಮಗನು ಸೃಷ್ಟಿಯಾದವನು, ಅವನಿಲ್ಲದ ಕಾಲವಿತ್ತು ಅಂತ ಅರಿಯಸ್ ಅನ್ನುವ ಪಾದ್ರಿ ಕಲಿಸಿದ. 325ರಲ್ಲಿ ನೈಸೀಯ ಊರಿನಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ, ಮಗನು ತಂದೆಯೊಂದಿಗೆ ಒಂದೇ ಸತ್ವದವನು ಅಂತ ಹೇಳಿತು. ಅದನ್ನು ಬಿಡದೆ ಹಿಡಿದ ಬಿಷಪ್ ಅಥನೇಷಿಯಸ್ ಐದು ಸಲ ಗಡಿಪಾರಾದ. ಶಿಲುಬೆಗೆ ದೇವರು ಬೇರೆ ಯಾರನ್ನೋ ಕಳಿಸಿ ತಾನು ದೂರ ನಿಂತನೋ, ತಾನೇ ಬಂದನೋ? ಆಸ್ಪತ್ರೆಯ ಕುರ್ಚಿಯಲ್ಲಿ ಕೂತವಳಿಗೆ ಇದು ತುಂಬ ದೊಡ್ಡ ವ್ಯತ್ಯಾಸ.

ಇನ್ನೊಂದು ಮಾತು. ಕಲಿತದ್ದನ್ನು ಕೋಲಿನ ಹಾಗೆ ಎತ್ತಬೇಡಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಸ್ನೇಹಿತರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಬಾಯಿ ತೆರೆದ ಮೇಲೆ ನೋಯಿಸಿದರು. ಈಗ ನಾನು ರೋಗಿಗಳನ್ನು ನೋಡಲು ಹೋದಾಗ ಮೊದಲು ಕುರ್ಚಿ ಎಳೆದು ಕೂರುತ್ತೇನೆ. ಅವರು ಕೇಳಿದರೆ ಮಾತ್ರ ಯೋಹಾನ 9 ಓದುತ್ತೇನೆ.

ಕೆಲವು ಪುಟಗಳಿಗೆ ವಾರ ಸಾಲುವುದಿಲ್ಲ, ಬಿಟ್ಟು ಮುಂದೆ ಹೋಗಿ, ಮತ್ತೆ ಬನ್ನಿ. ಅಮ್ಮ ಹದಿನಾಲ್ಕನೇ ದಿನ ತೀರಿಕೊಂಡರು. 'ಶರೀರ ಪುನರುತ್ಥಾನವನ್ನು ನಂಬುತ್ತೇನೆ' ಅನ್ನುವ ಸಾಲಿನ ಎದುರಿನ ಪುಟ ನನ್ನ ನೋಟ್‌ಬುಕ್‌ನಲ್ಲಿ ಮೂರು ಸುತ್ತು ಖಾಲಿಯೇ ಇತ್ತು. ಆತ್ಮ ಎಲ್ಲೋ ನೆಮ್ಮದಿಯಾಗಿದೆ ಅಂತ ಬರೆಯಬಹುದಿತ್ತು, ಆದರೆ ಸಾಲು ಹೇಳುವುದು ಶರೀರದ ವಿಷಯ. ನಾಲ್ಕನೇ ಸುತ್ತಿನಲ್ಲಿ, ಸತ್ತವರು ಏಳುವುದರ ಬಗ್ಗೆ ಪೌಲ ಬರೆದ 1 ಕೊರಿಂಥ 15ನೇ ಅಧ್ಯಾಯವನ್ನು ಪೂರ್ತಿ, 58 ವಚನ, ಗಟ್ಟಿಯಾಗಿ ಓದಿದೆ. ಆಮೇಲೆ ಬಲಗಡೆ ಬರೆದೆ: ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ್ದ ಅಮ್ಮನ ಎಡಗೈ. ಆ ಕೈಯೇ ಏಳುತ್ತದೆ.